ಎಲ್ಲಾ ಮೊದಲಿಂದ ಬರೆಯೋಣ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಮಹಡಿಗೊಬ್ಬನಂತೆ ಸಿಗುವ ಈ ಮಹಾಶಯನನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಯಾರದೋ ಮದುವೆಯ ಕರೆಯೋಲೆ ವಾಟ್ಸಾಪಿನಲ್ಲಿ ಲಿಂಕಾಗಿ ಬಂತೆನ್ನಿ. ನಾವು ನೀವು ಹುಡುಗಿ ಯಾರ ಮಗಳು, ಛತ್ರ ಎಲ್ಲಿ, ಊಟ ಎಷ್ಟು ಗಂಟೆಗೆ ಎಂದು ನೋಡುತ್ತೇವೆ. ಈತ ಹೆಬ್ಬೆರಳಿನಿಂದ ಪುಟವನ್ನು ಮೇಲಕ್ಕೂ ಕೆಳಕ್ಕೂ ನಾಲ್ಕು ಸಲ ಎಳೆದಾಡಿ, ‘ಸ್ಕ್ರೋಲ್ ತಡವರಿಸ್ತಾ ಇದೆ’ ಎಂದು ಲೊಚಗುಟ್ಟುತ್ತಾನೆ. ಮದುವೆಗೆ ಹೋದರೂ ವರನ ಕೈ ಕುಲುಕಿ, ಆ ಪುಟ ಯಾರ ಹತ್ತಿರ ಮಾಡಿಸಿದಿರಿ ಎಂದೇ ಕೇಳುವುದು. ಹೋಟೆಲಿನಲ್ಲಿ ಮೆನು ಬದಲು ಕ್ಯೂಆರ್ ಕೋಡ್ ಅಂಟಿಸಿದ್ದರೆ ಮುಗಿಯಿತು. ಹೆಂಡತಿ ಮಕ್ಕಳು ಹಸಿದು ಕೂತಿರುತ್ತಾರೆ. ಈತ, ಮಸಾಲೆ ದೋಸೆಯ ಬೆಲೆ ತೋರಿಸುವುದಕ್ಕೆ ಎಷ್ಟು ಎಂಬಿ ಇಳಿಸಿಕೊಂಡಿತು ಎಂದು ಲೆಕ್ಕ ಹಾಕುತ್ತಿರುತ್ತಾನೆ.

ವೃತ್ತಿ ಫ್ರಂಟ್‌ಎಂಡ್. ವೆಬ್‌ಸೈಟಿನಲ್ಲಿ ಕಣ್ಣಿಗೆ ಕಾಣುವುದು, ಬೆರಳಿಗೆ ಸಿಗುವುದು ಅಷ್ಟೂ ಇವನ ಸೀಮೆ. ಪರದೆಯ ಹಿಂದೆ ಲೆಕ್ಕಪತ್ರ ಇಟ್ಟುಕೊಂಡು ಕೂತ ಬ್ಯಾಕೆಂಡಿನವರ ಬಗ್ಗೆ ಇವನಿಗೆ ಹೆಂಡತಿಯ ಸೋದರಮಾವನ ಬಗ್ಗೆ ಇರುವಷ್ಟು ಗೌರವ. ಏನೇ ಕೆಟ್ಟರೂ ಅದು ಅವರಿಂದ.

ಈತನ ಮತಾಂತರಗಳ ಚರಿತ್ರೆ ದೊಡ್ಡದು. 2002ರಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ‘ರಿಚ್ ಇಂಟರ್ನೆಟ್ ಅಪ್ಲಿಕೇಶನ್’ ಎಂಬ ಮಂತ್ರ ಹೊರಡಿಸಿದಾಗ ಈತ ಇನ್ನೂ ಕಾಲೇಜಿನಲ್ಲಿದ್ದ. ಅಲ್ಲಿಯವರೆಗೆ ಒಂದು ಬಟನ್ ಒತ್ತಿದರೆ ಇಡೀ ಪುಟ ಅಳಿಸಿಹೋಗಿ, ಒಂದಷ್ಟು ಹೊತ್ತು ಬೆಳ್ಳಗಿದ್ದು, ಆಮೇಲೆ ತಲೆಯಿಂದ ಕಾಲಿನವರೆಗೆ ಮತ್ತೆ ಮೂಡಬೇಕಿತ್ತು. ಇನ್ನು ಮೇಲೆ ಪುಟ ಇದ್ದಲ್ಲೇ ಇರುತ್ತದೆ, ಬದಲಾಗಬೇಕಾದ್ದು ಮಾತ್ರ ಬದಲಾಗುತ್ತದೆ ಎಂದಿತು ಕಂಪನಿ. ಅದಕ್ಕೆ ತನ್ನ ಫ್ಲಾಶ್ ಎಂಬ ಪ್ಲಗಿನ್ ಬೇಕು ಎಂದೂ ಸೇರಿಸಿತು. ಈತ ಫ್ಲಾಶ್ ಕಲಿತ. ಆ ಕಾಲದ ಮುಖಪುಟಗಳು ನೆನಪಿರಬಹುದು: ಕಂಪನಿಯ ಹೆಸರು ಗಿರಗಿರನೆ ತಿರುಗುತ್ತಾ ಬಂದು ನಿಲ್ಲುತ್ತಿತ್ತು, ಮೂಲೆಯಲ್ಲಿ ‘ಸ್ಕಿಪ್ ಇಂಟ್ರೋ’ ಎಂಬ ಬಟನ್ ಇರುತ್ತಿತ್ತು. ಆ ತಿರುಗಾಟಕ್ಕೆ ಈತ ವಾರಗಟ್ಟಲೆ ನಿದ್ದೆಗೆಟ್ಟಿದ್ದ. ನಾಡಿನ ಜನ ಒತ್ತಿದ್ದು ಮಾತ್ರ ಆ ಬಟನ್ನನ್ನು.

2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಯಾವ ಪ್ಲಗಿನ್ನೂ ಇಲ್ಲದೆ ಭೂಪಟ ಮೌಸ್ ಎಳೆದತ್ತ ಜಾರುತ್ತಿತ್ತು. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಈ ವಿದ್ಯೆಗೆ ಏಜಾಕ್ಸ್ ಎಂದು ಹೆಸರಿಟ್ಟರು. ಇದೆಲ್ಲ ನಾಲ್ಕು ದಿನದ ಆಟ ಎಂದು ನಕ್ಕವರಲ್ಲಿ ನಮ್ಮ ಮಹಾಶಯನೂ ಒಬ್ಬ. 2010ರಲ್ಲಿ ಸ್ಟೀವ್ ಜಾಬ್ಸ್, ಐಫೋನಿನಲ್ಲಿ ಫ್ಲಾಶ್‌ಗೆ ಜಾಗವಿಲ್ಲ ಎಂದು ಬಹಿರಂಗ ಪತ್ರ ಬರೆದಾಗ ನಗು ನಿಂತಿತು. ಅಷ್ಟು ಹೊತ್ತಿಗೆ ಇವನು ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್ ಬಾಗಿಲಲ್ಲೂ ಒಂದು ಕಾಲು ಇಟ್ಟಾಗಿತ್ತು. ಆ ಮನೆಯೂ ಬಿತ್ತು. ಫ್ಲಾಶ್‌ಗೆ 2020ರ ಡಿಸೆಂಬರ್ 31 ಕೊನೆಯ ದಿನವಾಯಿತು. ಆಮೇಲೂ ಯಾರಾದರೂ ಆಸೆಯಿಂದ ತೆರೆದಾರು ಎಂದು 2021ರ ಜನವರಿ 12ರಿಂದ ಪ್ಲೇಯರೇ ಓಡಿಸಲು ನಿರಾಕರಿಸಿತು. ಸತ್ತ ಹನ್ನೆರಡನೇ ದಿನಕ್ಕೆ ಸರಿಯಾಗಿ.

ಅಷ್ಟರೊಳಗೆ ಜೆಕ್ವೆರಿಯ ದೀಕ್ಷೆಯಾಗಿ, ಆಂಗ್ಯುಲರ್ ದೀಕ್ಷೆಯೂ ಆಗಿತ್ತು. 2016ರಲ್ಲಿ ಆಂಗ್ಯುಲರಿನವರೇ ತಮ್ಮ ಹಳೆಯದನ್ನು ಬಿಟ್ಟು ಎರಡನೆಯದನ್ನು ಹೊಸದಾಗಿ ಬರೆದು ಕೂತಾಗ, ಮನನೊಂದು ರಿಯಾಕ್ಟ್ ಸೇರಿದ. ಈಗ ರಿಯಾಕ್ಟಿನಲ್ಲೂ ನೆಮ್ಮದಿ ಇಲ್ಲ, ಸ್ವೆಲ್ಟ್ ಕಡೆ ಕಣ್ಣು. ಇಷ್ಟಕ್ಕೂ ಈ ಫ್ರೇಮ್‌ವರ್ಕುಗಳ ತಳದಲ್ಲಿರುವುದು ಅದೇ ಜಾವಾಸ್ಕ್ರಿಪ್ಟ್ ಭಾಷೆ. ಅದನ್ನು ಬ್ರೆಂಡನ್ ಐಕ್ 1995ರಲ್ಲಿ 10 ದಿನದಲ್ಲಿ ಬರೆದು ಕೊಟ್ಟರು. ಅದರಲ್ಲಿ ಬರೆಯಲು ಯಾವ ಫ್ರೇಮ್‌ವರ್ಕ್ ಹಿಡಿಯಬೇಕು ಎಂದು ತೀರ್ಮಾನಿಸುವುದಕ್ಕೇ ಈತನಿಗೆ ಅದರ ಎರಡರಷ್ಟು ದಿನ ಬೇಕು.

ಇಂಥವನಿಗೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ಒಂದು ಕೆಲಸ ಹೇಳಿದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಗೇಟಿನ ಸೆಕ್ಯೂರಿಟಿ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಇಟ್ಟು, ಕೆಂಪು ಶಾಯಿಯಲ್ಲಿ ಗೆರೆ ಹೊಡೆದು, ಕಟ್ಟಡದ ಲೆಕ್ಕವನ್ನೆಲ್ಲ ಅದರಲ್ಲೇ ನಡೆಸುತ್ತಿದ್ದರು.

‘ನೋಡಪ್ಪಾ, ಮೇಂಟೆನೆನ್ಸ್ ಯಾರು ಕಟ್ಟಿದಾರೆ, ಯಾರು ಕಟ್ಟಿಲ್ಲ, ನೀರಿನ ಟ್ಯಾಂಕರ್ ಯಾವತ್ತು ಬರುತ್ತೆ, ಇಷ್ಟು ಫೋನಲ್ಲಿ ಕಂಡ್ರೆ ಸಾಕು.’

‘ಅಂಕಲ್, ಅದು ಬರೀ ಟೇಬಲ್ ಆಗತ್ತೆ. ನೋಡೋರಿಗೆ ಒಂದು ಎಕ್ಸ್‌ಪೀರಿಯೆನ್ಸ್ ಬೇಡ್ವಾ?’

‘ನೀರಿಲ್ದೇ ಇರೋ ಎಕ್ಸ್‌ಪೀರಿಯೆನ್ಸ್ ಎಲ್ಲರಿಗೂ ಇದೆ ಕಣಪ್ಪ.’

ಕೇಳುವವನಲ್ಲ. ಭಾನುವಾರ ಕ್ಲಬ್‌ಹೌಸಿನ ಗೋಡೆಯ ಮೇಲೆ ಡೆಮೊ ಆಯಿತು. ಪರದೆ ತುಂಬ ಒಂದು ನೀರಿನ ತೊಟ್ಟಿ. ಅದರಲ್ಲಿ ನೀಲಿ ಅಲೆ. ಫೋನನ್ನು ಓರೆ ಮಾಡಿದರೆ ನೀರೂ ಓರೆಯಾಗುತ್ತದೆ. ಪುಟ್ಟ ಟ್ಯಾಂಕರ್ ಲಾರಿಯನ್ನು ಬೆರಳಿನಿಂದ ಎಳೆದು ಕ್ಯಾಲೆಂಡರಿನ ಮೇಲೆ ಬಿಟ್ಟರೆ ಅದು ಬುಸ್ಸೆಂದು ಬ್ರೇಕ್ ಹಾಕಿ ನಿಲ್ಲುತ್ತದೆ. ಬಾಕಿ ಉಳಿಸಿಕೊಂಡ ಫ್ಲಾಟುಗಳ ನಂಬರು ಗಡಗಡ ನಡುಗುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಬಿ ಬ್ಲಾಕಿನವರು ಎದ್ದು ಹೋದರು. ತೊಟ್ಟಿಯಲ್ಲಿ ಅಷ್ಟು ನೀರು ನಿಜವಾಗಿ ಇದೆಯಾ ಎಂದು ಯಾರೋ ಕೇಳಿದರು. ಸಂಪಿಗೂ ಚಿತ್ರಕ್ಕೂ ಸಂಬಂಧ ಕಲ್ಪಿಸುವುದು ಎರಡನೇ ಹಂತದಲ್ಲಿ ಎಂದು ಉತ್ತರ ಬಂತು. ಅಲೆಯ ಭೌತಶಾಸ್ತ್ರ ಮಾತ್ರ ನೂರಕ್ಕೆ ನೂರು ಸರಿಯಂತೆ.

ನೋಂದಣಿ ಶುರುವಾಯಿತು. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ಕೊನೆಯದರಲ್ಲಿ ಮೂರು ಅಕ್ಷರಕ್ಕೆ ಕಡಿಮೆಯಾದರೆ ಕೆಂಪು ಗೆರೆ. ನಮ್ಮ ಹಳೇ ಮೈಸೂರಿನ ಕಡೆಯ ಹಿರಿಯರಿಗೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್ ಬಿಟ್ಟರೆ ಕೊನೆಯ ಹೆಸರು ಎಂಬ ಪದಾರ್ಥವೇ ಇರುವುದಿಲ್ಲ. ಹಾಸನ ಕಡೆಯ ಹಿರಿಯರೊಬ್ಬರು ಇನಿಶಿಯಲ್ ಹಾಕಿ ಹಾಕಿ ಸೋತು, ಕಡೆಗೆ ಆ ಖಾನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ‘ಇಲ್ಲ’ ಎಂದು ಹೊಡೆದರು. ಆ್ಯಪ್ ಒಪ್ಪಿತು. ಅಂದಿನಿಂದ ಪ್ರತಿ ಬೆಳಗ್ಗೆ ಅವರ ಫೋನು ‘ಶುಭೋದಯ, ಮಿಸ್ಟರ್ ಇಲ್ಲ’ ಎನ್ನುತ್ತದೆ.

ಕನ್ನಡದ ಕಥೆಯೇ ಬೇರೆ. ಕಾರ್ಯದರ್ಶಿಗಳ ಹಟಕ್ಕೆ ಕನ್ನಡದ ಬಟನ್ ಬಂತು. ಆದರೆ ಸಾಲಿನ ಎತ್ತರವನ್ನೆಲ್ಲ ಈತ ಇಂಗ್ಲಿಷ್ ಅಕ್ಷರ ನೋಡಿ ಗೊತ್ತು ಮಾಡಿದ್ದ. ಅದಕ್ಕೆ ಒತ್ತು ಇಲ್ಲ, ದೀರ್ಘ ಇಲ್ಲ, ಬಿಗಿಯಾದ ಪೆಟ್ಟಿಗೆಯಲ್ಲೂ ನಿಲ್ಲುತ್ತದೆ. ಕನ್ನಡ ಹಾಕಿದ ಕೂಡಲೇ ಕೆಳಗಿನ ಒತ್ತಕ್ಷರಗಳೆಲ್ಲ ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋದವು. ‘ಕಟ್ಟಿಲ್ಲ’ ಎಂಬುದು ‘ಕಟಿಲ’ ಆಯಿತು. ‘ಬಾಕಿ ಮೊತ್ತ ಪಾವತಿಸಿ’ ಬಟನ್ನಿನಲ್ಲಿ ಹಿಡಿಸದೆ ‘ಬಾಕಿ ಮೊ...’ ಎಂದು ನಿಂತಿತು. ಸಾಲಿನ ಎತ್ತರದ ಅಂಕಿ ಒಂದನ್ನು 1.2ರಿಂದ 1.6 ಮಾಡಿ, ಬಟನ್ನಿಗೆ ಎರಡನೇ ಸಾಲಿಗೆ ಇಳಿಯಲು ಬಿಟ್ಟರೆ ಮುಗಿಯಿತು. ಈತ, ಅದಕ್ಕೆ ಮೊದಲು ಡಿಸೈನ್ ಸಿಸ್ಟಮ್ ಆಗಬೇಕು ಎಂದ.

ಕಾರ್ಯದರ್ಶಿಗಳು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನಿಂತು ಆ್ಯಪ್ ತೆರೆದರು. ಬೂದು ಬಣ್ಣದ ಪಟ್ಟಿಗಳು ಮಿನುಗಿದವು, ಅಕ್ಷರ ಬರಲಿಲ್ಲ. ‘ಅದು ಸ್ಕೆಲಿಟನ್ ಅಂಕಲ್. ಖಾಲಿ ಪರದೆ ನೋಡಿದ್ರೆ ಜನಕ್ಕೆ ಬೇಜಾರಾಗತ್ತೆ, ಪಟ್ಟಿ ಕಂಡ್ರೆ ಏನೋ ಬರ್ತಾ ಇದೆ ಅನ್ಸತ್ತೆ.’

‘ಹಾಗನ್ನು. ನಾವೂ ಬ್ಯಾಂಕಲ್ಲಿ ಕೈಗೆ ಹಿತ್ತಾಳೆ ಟೋಕನ್ ಕೊಟ್ಟು ಬೆಂಚ್ ಮೇಲೆ ಕೂರಿಸ್ತಿದ್ವಿ.’

ಆಮೇಲೂ ಬರದಿದ್ದಾಗ ಈತ ತನ್ನ ಕಸುಬಿನ ಸರ್ವರೋಗ ನಿವಾರಿಣಿಯನ್ನು ಹೊರತೆಗೆದ: ‘ಕ್ಯಾಶ್ ಕ್ಲಿಯರ್ ಮಾಡಿ ಅಂಕಲ್.’

‘ಮೂವತ್ತು ವರ್ಷ ದಿನಾ ಸಂಜೆ ಅದನ್ನೇ ಮಾಡಿದೀನಪ್ಪ’ ಎಂದು ಅವರು ರಿಜಿಸ್ಟರ್ ಕಡೆಗೆ ನಡೆದರು.

ಇಷ್ಟೆಲ್ಲ ಆಡಿಕೊಂಡ ಮೇಲೆ ಒಂದು ನ್ಯಾಯವನ್ನೂ ಹೇಳಬೇಕು. ಹಣ ಕಟ್ಟುವ ಬಟನ್ನನ್ನು ಗಾಬರಿಯಲ್ಲಿ ಐದು ಸಲ ಒತ್ತಿದರೂ ಖಾತೆಯಿಂದ ದುಡ್ಡು ಒಂದೇ ಸಲ ಹೋಗುತ್ತದೆ. ಅದಕ್ಕಾಗಿ ಈತ ಬ್ಯಾಕೆಂಡಿನವರ ಜೊತೆ ಜಗಳವಾಡಿ ಎರಡೂ ಕಡೆ ಕಾವಲು ಹಾಕಿಸಿದ. ಲಿಫ್ಟಿನಲ್ಲಿ ಸಿಗ್ನಲ್ ಹೋದರೂ ಬರೆಯುತ್ತಿದ್ದ ದೂರು ಅಳಿಸಿಹೋಗುವುದಿಲ್ಲ. ಆರನೇ ಮಹಡಿಯಲ್ಲಿ ಕಣ್ಣು ಕಾಣದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಫೋನು ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಎಷ್ಟೋ ದೊಡ್ಡ ಸೈಟುಗಳಲ್ಲಿ ಅದು ‘ಬಟನ್, ಬಟನ್, ಬಟನ್’ ಎಂದು ಜಪ ಮಾಡುವುದನ್ನು ನಾನೇ ಕೇಳಿದ್ದೇನೆ, ಒಳಗೆ ಹೆಸರು ಬರೆದವರೇ ಇಲ್ಲ. ಈತ ಪ್ರತಿ ಬಟನ್ನಿಗೂ ಹೆಸರು ಬರೆದಿದ್ದಾನೆ, ಕೇಳಿಸಿಕೊಂಡು ಹೋಗುವ ಕ್ರಮವನ್ನೂ ಸರಿಯಾಗಿ ಇಟ್ಟಿದ್ದಾನೆ. ನಮ್ಮ ಕಟ್ಟಡದಲ್ಲಿ ಆ ಆ್ಯಪನ್ನು ಪೂರ್ತಿ ಬಳಸುವವರು ಅವರೊಬ್ಬರೇ. ಅಲೆ, ಲಾರಿ, ನಡುಕ ಯಾವುದೂ ಅವರಿಗೆ ಬೇಕಿಲ್ಲ. ಟ್ಯಾಂಕರ್ ಯಾವತ್ತು ಎಂದು ಕೇಳುತ್ತಾರೆ, ಅದು ಹೇಳುತ್ತದೆ. ಇದನ್ನು ಹೊಗಳಿದರೆ ಈತನಿಗೆ ಮುಜುಗರ. ‘ಅದೇನ್ ಬಿಡಿ, ಬೇಸಿಕ್. ಅಲೆ ನೋಡಿದ್ರಾ?’ ಎನ್ನುತ್ತಾನೆ.

ಒತ್ತಕ್ಷರ ಇನ್ನೇನು ಸರಿಯಾಗಬೇಕು, ಅಷ್ಟರಲ್ಲಿ ಮೊನ್ನೆ ಲಿಫ್ಟಿನಲ್ಲಿ ಸಿಕ್ಕವನ ಮುಖ ಬೆಳಗುತ್ತಿತ್ತು. ಹೊಸದೊಂದು ಫ್ರೇಮ್‌ವರ್ಕ್ ಬಂದಿದೆಯಂತೆ, ಹಳೆಯದಕ್ಕಿಂತ ಹಗುರ. ‘ಪ್ಯಾಚ್ ಹಾಕೋದು ವೇಸ್ಟ್ ಸಾರ್. ಎಲ್ಲಾ ಮೊದಲಿಂದ ಬರೆಯೋಣ ಅಂತಿದೀನಿ.’

ನಿಮ್ಮ ಕಟ್ಟಡದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ಕೆಲಸ ಕೊಡಿ, ಹುಡುಗ ಒಳ್ಳೆಯವನು, ದುಡ್ಡೂ ಕೇಳುವುದಿಲ್ಲ. ರಿಜಿಸ್ಟರನ್ನು ಮಾತ್ರ ರದ್ದಿಗೆ ಹಾಕಬೇಡಿ.