ರಾಕಿಯಣ್ಣನಿಗೆ ಹುತ್ತೂರು ಹೋಬಳಿಯಿಂದ

ಸನ್ಮಾನ್ಯ ರಾಕಿಯಣ್ಣನವರಿಗೆ,

ಲೋಕವೆಲ್ಲ ನಿಮ್ಮನ್ನು ಭಾಯ್ ಅನ್ನುತ್ತದೆ. ನಮಗೆ ಅಣ್ಣ ಅಂದರೇ ಬಾಯಿಗೆ ಸಲೀಸು, ತಪ್ಪು ತಿಳಿಯಬೇಡಿ. ನಿಮ್ಮಿಂದ ನಮಗಾದ ಉಪಕಾರ ದೊಡ್ಡದು. ಮೊದಲೆಲ್ಲ ಪರವೂರಲ್ಲಿ ಕೋಲಾರದವನು ಅಂದರೆ 'ಅಯ್ಯೋ, ಬರದ ಜಿಲ್ಲೆ' ಎಂದು ಕಾಫಿ ಕೊಡಿಸುತ್ತಿದ್ದರು. ಈಗ ಗಡ್ಡ ನೋಡಿ, ದುಡ್ಡು ನೀನೇ ಕೊಡು ಅನ್ನುತ್ತಾರೆ.

ನಿಮ್ಮ 'ಕೆ.ಜಿ.ಎಫ್.' ಸಿನಿಮಾ ಬರೀ ಬುರುಡೆ ಅನ್ನುವವರಿದ್ದಾರೆ. ಪತ್ತೇದಾರಿ ಪುಸ್ತಕ ಓದಿದರೆ ಹುಡುಗರು ಕೆಡುತ್ತಾರೆ ಎಂದು ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'ನನ್ನು ಕಿತ್ತಿಟ್ಟುಕೊಂಡು, ರಾತ್ರಿ ತಾವೇ ಓದುತ್ತಿದ್ದ ಮೇಷ್ಟ್ರುಗಳ ವಂಶದವರು ಅವರು. 2023ರ ಜುಲೈನಲ್ಲಿ ಹಿರಿಯೂರಿನಿಂದ ನಮ್ಮ ಕೋಲಾರದ ಮಾರುಕಟ್ಟೆಗೆ ಹೊರಟಿದ್ದ ಟೊಮೆಟೊ ಗಾಡಿಯನ್ನೇ ಬೆಂಗಳೂರಿನಲ್ಲಿ ಅಪಹರಿಸಿದರಲ್ಲ, ಅವತ್ತು ಪುರುಷೋತ್ತಮ ಇರಬೇಕಿತ್ತು ಅನ್ನಿಸಿತು.

ನಿಮ್ಮ ಸಿನಿಮಾದಲ್ಲಿ ನನಗೆ ನೆನಪುಳಿದದ್ದು ಸುತ್ತಿಗೆಯಲ್ಲ, ಗುತ್ತಿಗೆ. ಸುಣ್ಣದ ಕಲ್ಲು ತೆಗೆಯುತ್ತೇವೆ ಎಂದು ಸರ್ಕಾರದಿಂದ 99 ವರ್ಷಕ್ಕೆ ಜಾಗ ಬರೆಸಿಕೊಂಡು ಒಳಗೆ ಬಂಗಾರ ತೆಗೆಯುತ್ತಾರಲ್ಲ, ಅದು. ಕಡತದಲ್ಲಿ ಸುಣ್ಣ, ನೆಲದಲ್ಲಿ ಚಿನ್ನ. ಅದನ್ನು ನೋಡಿದ ಮೇಲೆ ನಮ್ಮ ಕೆರೆ ಅರ್ಥವಾಯಿತು. ನೀವು ತೆರೆಗೆ ಬಂದ 2018ರಲ್ಲೇ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಸೋಸಿಕೊಂಡು, ಕೆ.ಸಿ. ವ್ಯಾಲಿ ಎಂಬ ಹೆಸರಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಲೆಕ್ಕ. ಬಂದ ಕೆಲವೇ ವಾರಕ್ಕೆ ನೊರೆ ಎದ್ದಿತು, ವಿಷಯ ಕೋರ್ಟಿಗೂ ಹೋಯಿತು. ಕಡತದಲ್ಲಿ ಅದು ಕೆರೆ ತುಂಬಿಸುವ ಯೋಜನೆ. ರಾಜಧಾನಿಯ ಕಡೆಯಿಂದ ನೋಡಿದರೆ ಬಚ್ಚಲು ಖಾಲಿ ಮಾಡುವ ಯೋಜನೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದೂ ನಿಜ ಅನ್ನಿ. ಉಂಡ ಮನೆಗೆ ಎರಡು ಬಗೆಯಬಾರದು.

ಒಂದು ತಕರಾರಿದೆ. ಗಣಿಯ ಜನರೆಲ್ಲ ನೀವು ಬರುವ ತನಕ ತಲೆ ತಗ್ಗಿಸಿಕೊಂಡಿದ್ದರು ಎಂದು ತೋರಿಸಿದಿರಿ. ನಿಜವಾದ ಕೆ.ಜಿ.ಎಫ್.ನಲ್ಲಿ 1930ರಲ್ಲೇ ಸಾವಿರಾರು ಕಾರ್ಮಿಕರು, ಕಂಪನಿಗೆ ಬೆರಳಚ್ಚು ಕೊಡುವುದಿಲ್ಲ ಎಂದು ಮುಷ್ಕರ ಹೂಡಿ ಕೂತಿದ್ದರು. ಸ್ಲೋ ಮೋಷನ್ ಇರಲಿಲ್ಲ, ನಿಮ್ಮ ಸಹಾಯವೂ ಇರಲಿಲ್ಲ. ನಾವೋ, ಈಗ ಪಡಿತರಕ್ಕೆ ಸಾಲಿನಲ್ಲಿ ನಿಂತು ನಾವಾಗಿಯೇ ಹೆಬ್ಬೆಟ್ಟು ಒತ್ತುತ್ತೇವೆ. ಟೊಮೆಟೊ ಕಿತ್ತ ಕೈ ಹಸಿರುಗಪ್ಪಾಗಿರುತ್ತದೆ, ಮಿಷನ್ ಒಪ್ಪುವುದಿಲ್ಲ. ಪಕ್ಕದ ಮನೆ ಅಜ್ಜಿ ಬೆರಳನ್ನು ಸೆರಗಿಗೆ ಉಜ್ಜಿ, ಉಗುಳು ಹಚ್ಚಿ, ಮತ್ತೆ ಉಜ್ಜಿ ಒತ್ತುತ್ತಾಳೆ. ನಾಲ್ಕನೇ ಸಲಕ್ಕೆ 'ಪೀ' ಅಂದರೆ ಅವಳು ಅವಳೇ ಎಂದು ಸಾಬೀತು. ಅನ್ನದಿದ್ದರೆ ನಾಳೆ ಬಾ.

ನೀವು ಚಿನ್ನವನ್ನೆಲ್ಲ ಹಡಗಿಗೆ ತುಂಬಿ, ಅದರ ಜೊತೆಗೇ ಸಮುದ್ರದಲ್ಲಿ ಮುಳುಗಿದಿರಿ. ನಮ್ಮ ಗಣಿ 2001ರ ಫೆಬ್ರವರಿ 28ರಂದು ಸುಮ್ಮನೆ ಮುಚ್ಚಿತು. 3 ಕಿಲೋಮೀಟರ್‌ಗೂ ಹೆಚ್ಚು ಆಳದ ತೂತು, ಮೇಲೆ ಸೈನೈಡ್ ದಿಬ್ಬ. ಆ ದಿಬ್ಬದಲ್ಲೇ ನಿಮ್ಮ ಶೂಟಿಂಗ್ ಆಯಿತು. ಹೀಗೆ ಗಣಿಯ ಕಸಕ್ಕೂ ಒಂದು ಬೆಲೆ ಬಂತು, ಅದೂ ನಿಮ್ಮಿಂದಲೇ.

ಮೂರನೇ ಭಾಗದ ಸುಳಿವನ್ನು ನೀವೇ ಬಿಟ್ಟು ಹೋಗಿದ್ದೀರಿ. ಬಂದೇ ಬರುವುದಾದರೆ ಬಂಗಾರ, ಬಂದೂಕು ಎರಡೂ ಬೇಡಣ್ಣ. ನೀರನ್ನು ಮೂರನೇ ಹಂತವೂ ಸೋಸಿ ಕಳಿಸಿ ಎಂದು ಇಲ್ಲಿಯ ರೈತರು ಕೂಗಿ ಕೂಗಿ ಸೋತಿದ್ದಾರೆ. ಬರುವಾಗ ಆ ಮೂರನೇ ಹಂತವನ್ನು ತನ್ನಿ.

ಇಂತಿ,
ಹುತ್ತೂರು ಹೋಬಳಿಯ ಒಬ್ಬ ಟೊಮೆಟೊ ಬೆಳೆಗಾರ