ನಡುವಯಸ್ಸಿನ ಕಾರು

ಕಾಗದಪತ್ರದ ಕಾಟದಿಂದ ಕಾರಿಗೆ ವಿನಾಯಿತಿ ಸಿಗುವುದು ಎಳವೆಯಲ್ಲಿ, ಗೌರವ ಸಿಗುವುದು ಮುಪ್ಪು ಪೂರಾ ಅಡರಿದ ಮೇಲೆ. ಶೋರೂಮಿನಿಂದ ಇಳಿದ ಕಾರಿಗೆ ಮೊದಲ ವರ್ಷ ಎಮಿಷನ್ ಟೆಸ್ಟ್ ಬೇಡ. ವೈಟ್ ಬೋರ್ಡ್ ಆದರೆ 15 ವರ್ಷ ಎಫ್‌ಸಿಯ ಸೊಲ್ಲೇ ಇಲ್ಲ. ಯಲ್ಲೋ ಬೋರ್ಡಿನವರ ಪಾಡು ಬೇರೆ. ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಅವರು ಗಾಡಿ ತೋರಿಸಬೇಕು. ಇನ್ನು 50 ದಾಟಿ, ಮೂಲರೂಪ ಕೆಡಿಸಿಕೊಳ್ಳದೆ ಉಳಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ಪಟ್ಟ, ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಬಿರುದು. ಅದನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಹೋಗಬಹುದು, ಪೆಟ್ರೋಲ್ ಹಾಕಿಸಿಕೊಂಡು ಬರಬಹುದು. ಮನೆಯ ಹಿರಿಯಜ್ಜನನ್ನು ಮದುವೆಗೆಂದು ಜರಿಪೇಟ ಸುತ್ತಿ ಕರೆದೊಯ್ದ ಹಾಗೆ.

ನಮ್ಮದು 2008ರ ಮಾರುತಿ 800. ಮುದ್ದು ಮಾಡುವ ವಯಸ್ಸು ಮುಗಿದಿದೆ, ಕೈಮುಗಿಯುವ ವಯಸ್ಸು ಬಂದಿಲ್ಲ. 2023ಕ್ಕೆ ಆರ್‌ಸಿ ಅವಧಿ ತೀರಿತು. ಇನ್ನು ಐದೈದು ವರ್ಷಕ್ಕೊಮ್ಮೆ ನವೀಕರಣ. ಎಮಿಷನ್ ಟೆಸ್ಟಂತೂ ಆರು ತಿಂಗಳಿಗೊಮ್ಮೆ. ಬಿಎಸ್-4, ಬಿಎಸ್-6ರ ಮಕ್ಕಳಿಗೆ ವರ್ಷಕ್ಕೊಂದು ಸಲ ಸಾಕು. ಪಕ್ಕದ ಮನೆಯವರು ಹಸಿರು ಪ್ಲೇಟಿನ ಬ್ಯಾಟರಿ ಕಾರು ತಂದಿದ್ದಾರೆ. ಅದಕ್ಕೆ ಆ ಟೆಸ್ಟೇ ಇಲ್ಲ. 'ನಮ್ಮದರಲ್ಲಿ ಸೈಲೆನ್ಸರೇ ಇಲ್ವಲ್ಲ ಸಾರ್' ಎಂದು ಅವರು ಸಿಕ್ಕಾಗಲೆಲ್ಲ ನೆನಪಿಸುತ್ತಾರೆ.

ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. ತಡ ಮಾಡಿದರೆ ತಿಂಗಳಿಗೆ 500 ದಂಡ. ಜೊತೆಗೆ ಹಸಿರು ತೆರಿಗೆ. ಹೊಗೆ ಬಿಡುವ ಗಾಡಿಯಿಂದ ವಸೂಲು ಮಾಡುವ ದುಡ್ಡಿಗೆ ಹಸಿರು ಎಂದು ಹೆಸರಿಟ್ಟವರ ರಸಿಕತೆಗೆ ನನ್ನ ನಮಸ್ಕಾರ ಇದೆ.

ಆರ್‌ಟಿಓ ಹತ್ತಿರ ಹೋಗುವ ಮೊದಲು ಟ್ರಾಫಿಕ್ ದಂಡ ಬಾಕಿ ಇದೆಯೇ ನೋಡಿಕೊಳ್ಳಿ ಎಂದು ಬಲ್ಲವರು ಹೇಳಿದರು. ನೋಡಿದರೆ ಇತ್ತು, ನನ್ನ ಹೆಂಡತಿಯ ತಮ್ಮ ಗಾಡಿ ಒಯ್ದ ದಿನದ್ದು. ಸಿಗ್ನಲ್ ದಾಟುತ್ತಿರುವ ನಮ್ಮ ಕಾರಿನ ಫೋಟೋ ಮದುವೆ ಆಲ್ಬಮ್ಮಿಗಿಂತ ಸ್ಪಷ್ಟವಾಗಿತ್ತು. ಪುಣ್ಯಕ್ಕೆ 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತ್ತು. ಕಟ್ಟಲು ಜನ ಸಾಲುಗಟ್ಟಿದ್ದರು. ದಂಡ ಕಟ್ಟಿಯೂ ಲಾಭ ಮಾಡಿಕೊಂಡ ಮುಖಭಾವ ಎಲ್ಲರದು. 'ನಿನ್ನ ತಮ್ಮನಿಂದ ಉಳಿದರ್ಧ ಕೊಡಿಸು' ಎಂದೆ. 'ಅರ್ಧ ಸರ್ಕಾರವೇ ಬಿಟ್ಟಿತಲ್ಲ, ಇನ್ನರ್ಧ ನೀವು ಬಿಡಿ' ಎಂದಳು.

ಮುಂದೆ ಆನ್‌ಲೈನ್ ಅರ್ಜಿ, ಫಾರಂ 25. ಗಾಡಿ ನಂಬರ್ ಹಾಕಿದೆ, ಚಾಸಿ ನಂಬರಿನ ಕೊನೆಯ ಅಂಕಿಗಳನ್ನು ಹಾಕಿದೆ. ಓಟಿಪಿ ಕಳಿಸಿದ್ದೇವೆ ಎಂದಿತು. ಕಳಿಸಿದ್ದು ಹೌದು, ನನಗಲ್ಲ. ದಾಖಲೆಯಲ್ಲಿ ಇನ್ಯಾರದೋ ಮೊಬೈಲ್ ನಂಬರ್ ಕೂತಿತ್ತು. ಹೇಗೋ ಆ ನಂಬರ್ ಪತ್ತೆ ಮಾಡಿ ಫೋನ್ ಹಚ್ಚಿದರೆ ಆ ಕಡೆಯಿಂದ, 'ಹೌದ್ರಿ, ಬಂದೈತ್ರಿ ಮೆಸೇಜು. ಆದ್ರ ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಅದರಾಗ ಬರದಾರ ನೋಡ್ರಿ' ಎಂಬ ಮರ್ಯಾದಸ್ಥ ದನಿ. ಕಾನೂನು ಪಾಲಿಸುವ ಇಂಥ ನಾಗರಿಕರ ಜೊತೆ ವಾದ ಮಾಡುವುದು ಹೇಗೆ? ನಂಬರ್ ಬದಲಾಯಿಸಲು ಬೇರೆ ಅರ್ಜಿ, ಅದಕ್ಕೆ ಬೇರೆ ಸರತಿ.

ಆಮೇಲೆ ಪೆನ್ಸಿಲ್ ಪ್ರಿಂಟ್. ಉಪಗ್ರಹ ಹಾರಿಸುವ ದೇಶದಲ್ಲಿ ಕಾರಿನ ಗುರುತು ಹಿಡಿಯಲು ಇಂದಿಗೂ ಇದಕ್ಕಿಂತ ಮಿಗಿಲಾದ ಉಪಾಯ ಇಲ್ಲ. ಆರ್‌ಟಿಓ ಎದುರಿನ ಮರದಡಿಯ ಹುಡುಗ ಬಾನೆಟ್ ಎತ್ತಿ, ಸೀಮೆಎಣ್ಣೆ ಬಟ್ಟೆಯಿಂದ ತಗಡು ಒರೆಸಿ, ಚಾಸಿ ನಂಬರಿನ ಮೇಲೆ ತೆಳು ಕಾಗದ ಒತ್ತಿಟ್ಟು ಪೆನ್ಸಿಲ್ ಅಡ್ಡಡ್ಡ ಉಜ್ಜಿದ. ಕಪ್ಪಿನೊಳಗಿಂದ ಬೆಳ್ಳಗೆ ಒಂದೊಂದೇ ಅಂಕಿ ಎದ್ದಿತು. ಒಂದು ಕಡೆ ಮಾತ್ರ ಮೂರೋ ಎಂಟೋ ಗೊತ್ತಾಗಲಿಲ್ಲ. ತುಕ್ಕು ಸೊನ್ನೆ ಸುತ್ತಿತ್ತು. ಹುಡುಗ ಉಗುರಿನಿಂದ ಕೆರೆದು, ಬಾಯಿಂದ ಊದಿ, ಮತ್ತೆ ಉಜ್ಜಿ, 'ಮೂರು ಸಾರ್' ಎಂದು ತೀರ್ಪು ಕೊಟ್ಟ. ಹದಿನೈದು ವರ್ಷದಲ್ಲಿ ನಮ್ಮ ಕಾರನ್ನು ಅಷ್ಟು ಅಕ್ಕರೆಯಿಂದ ಮುಟ್ಟಿದವರು ಇನ್ನೊಬ್ಬರಿಲ್ಲ.

ಕೊನೆಗೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದರು. ಬ್ರೇಕ್ ಒಂದನ್ನು ಬಿಟ್ಟು ಎಲ್ಲ ನೋಡಿದರು. 'ಹಾರ್ನ್ ಹೊಡೀರಿ' ಎಂದರು, ಹೊಡೆದೆ. 'ವೈಪರ್' ಎಂದರು. ನಮ್ಮ ವೈಪರ್ ಮಳೆಗಾಲದಲ್ಲೂ ಸಮಯ ನೋಡಿಕೊಂಡು ಏಳುವ ಸ್ವಭಾವದ್ದು. ಅಂದು ಒಮ್ಮೆ ಎದ್ದು ನಮಸ್ಕಾರ ಮಾಡಿ ಮಲಗಿತು. ಹೊಸದಾಗಿ ಹಾಕಿಸಿದ್ದ ಕ್ಲಚ್ ಪ್ಲೇಟಿನ ವಿಷಯ ಹೇಳಲು ಬಾಯಿ ತೆರೆದೆ. ಅವರ ಕಣ್ಣು ಆಗಲೇ ಫೈಲಿಗೆ ಹೋಗಿತ್ತು. ಕಾರು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಇನ್ಶೂರೆನ್ಸ್ ನೋಡಿದರು. ಗಾಡಿ ಓಡುವುದು ಪೆಟ್ರೋಲಿನಿಂದಲ್ಲ, ಜೆರಾಕ್ಸಿನಿಂದ ಎಂಬುದು ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ.

ಹೊಸ ಆರ್‌ಸಿ ಕಾರ್ಡ್ ಪೋಸ್ಟಿನಲ್ಲಿ ಬಂತು, 2028ರ ತನಕ. ಈ ನಡುವೆ, 2025ರಲ್ಲಿ, 20 ದಾಟಿದ ಕಾರಿಗೆ ಶುಲ್ಕ 10,000 ಮಾಡಿದ್ದಾರೆ. ಆ ಮಾತು ಸದ್ಯಕ್ಕೆ ಮನೆಯಲ್ಲಿ ಎತ್ತಿಲ್ಲ. ಕಾರ್ಡ್ ಕೈಗೆ ಸಿಕ್ಕ ಸಂಜೆಯೇ ಹೆಂಡತಿಯ ತಮ್ಮನ ಫೋನು: 'ಭಾವ, ಗಾಡಿ ಪೇಪರ್ ಎಲ್ಲಾ ಕ್ಲಿಯರ್ ಆಯ್ತಂತೆ, ಅಕ್ಕ ಹೇಳಿದ್ಳು. ಭಾನುವಾರ ಒಂದಿನ ಕೊಡ್ತೀರಾ?'