ಮಾವ ತಂದ ಕುರ್ಚಿ

(ಚಿಕಾಗೋ ನಗರದ ಉತ್ತರ ಭಾಗ. ಡೆವಾನ್ ಅವೆನ್ಯೂಗೆ ಹತ್ತಿರದ ಒಂದು ಓಣಿ. ಜನವರಿ ತಿಂಗಳು, ಬೆಳಗಿನ ಏಳೂವರೆ. ಬೀದಿಯ ಎರಡೂ ಬದಿ ಮೊಣಕಾಲುದ್ದ ಹಿಮ. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ತುಮಕೂರಿನಿಂದ ಬಂದಿರುವ ಮಾವ, ಕೆಎಸ್‌ಆರ್‌ಟಿಸಿಯ ನಿವೃತ್ತ ಕಂಡಕ್ಟರ್, ಮಂಕಿ ಕ್ಯಾಪ್ ಹಾಕಿಕೊಂಡೇ ಕಾಫಿ ಕುಡಿಯುತ್ತಿದ್ದಾರೆ. ಅಳಿಯ ಲ್ಯಾಪ್‌ಟಾಪ್ ತೆರೆಯುತ್ತಿದ್ದಾನೆ. ಬಚ್ಚಲಿನಿಂದ ಕೂಸಿನ ಅಳು.)

ಮಾವ: ಅಳಿಯಂದ್ರೇ, ನಿಮ್ಮೂರಿನ ಜನಕ್ಕೆ ದುಡ್ಡು ಹೆಚ್ಚಾಗಿದೆ ಕಣ್ರೀ. ಒಳ್ಳೇ ಕುರ್ಚಿ, ಒಂದು ಕಾಲೂ ಅಲ್ಲಾಡಲ್ಲ, ಬೀದಿಗೆ ಎಸೆದಿದ್ರು. ವಾಕಿಂಗ್ ಮುಗಿಸಿ ಬರ್ತಾ ಎತ್ಕೊಂಡು ಬಂದೆ.

ಅಳಿಯ: ಬೀದೀಲಿ ಎಲ್ಲಿತ್ತು ಮಾವ?

ಮಾವ: ಎದುರುಗಡೇನೇ. ಎರಡು ಕಾರಿನ ನಡುವೆ ಯಾರೋ ಹಿಮ ಬಾಚಿ ಚೊಕ್ಕ ಮಾಡಿದ್ರು. ಅದರ ಮಧ್ಯದಲ್ಲಿ ಇತ್ತು. ಕೆಂಪು ಪ್ಲಾಸ್ಟಿಕ್ಕಿನದು, ಮಕ್ಕಳು ಕೂರೋ ಗಿಡ್ಡ ಕುರ್ಚಿ.

ಅಳಿಯ: (ಧಡಕ್ಕನೆ ಎದ್ದು) ಅಯ್ಯೋ, ಅದು ಎಸೆದಿದ್ದಲ್ಲ ಮಾವ! ದಿಬ್ಸ್ ಅದು!

ಮಾವ: ದಿಬ್ಬವೋ ಗುಡ್ಡವೋ, ಬಿಡಿಸಿ ಹೇಳಿ.

ಅಳಿಯ: ಇಲ್ಲಿ ಹಿಮ ಬಿದ್ದಾಗ ಯಾರು ಬಾಚಿ ಕಾರಿಗೆ ಜಾಗ ಮಾಡ್ಕೋತಾರೋ ಆ ಜಾಗ ಅವರದೇ ಅಂತ ಲೆಕ್ಕ. ಕಾರು ತಗೊಂಡು ಹೋಗುವಾಗ ಕುರ್ಚಿನೋ, ಇಸ್ತ್ರಿ ಟೇಬಲ್ಲೋ ಏನಾದ್ರೂ ಇಟ್ಟು ಹೋಗ್ತಾರೆ. ಅದು ಎದುರು ಮನೆ ನರ್ಸಮ್ಮನ ಜಾಗ. ನಿನ್ನೆ ಸಂಜೆಯೆಲ್ಲ ಸಲಿಕೆ ಹಿಡಿದು ಬಾಚಿ ರಾತ್ರಿ ಪಾಳಿಗೆ ಹೋಗಿದಾರೆ. ಎಂಟಕ್ಕೆಲ್ಲ ಬಂದುಬಿಡ್ತಾರೆ. ಕೊಡಿ, ಇಟ್ಟು ಬರ್ತೀನಿ.

ಮಾವ: ಈಗ ಆಗಲ್ಲ. ನಿಮ್ಮತ್ತೆ ಅದರ ಮೇಲೇ ಕೂತು ಕೂಸಿಗೆ ನೀರು ಹಾಕ್ತಿದಾಳೆ.

ಅತ್ತೆ: (ಬಚ್ಚಲಿನಿಂದ) ಕಾಲು ಚಾಚಿ ಕೂರೋಕೆ ಹೇಳಿ ಮಾಡಿಸಿದ ಹಾಗಿದೆ ಕಣ್ರೀ! ಇಷ್ಟು ದಿನ ಬಕೆಟ್ ಬೋರಲು ಹಾಕ್ಕೊಂಡು ಕೂತು ಸೊಂಟ ಬಿದ್ದೋಗಿತ್ತು.

ಅಳಿಯ: ಅತ್ತೇ, ಸ್ವಲ್ಪ ಬೇಗ...

ಅತ್ತೆ: ಈಗಷ್ಟೇ ನೆತ್ತಿಗೆ ಎರಡು ಚೊಂಬು ಹಾಕಿದೀನಿ. ಕೂಸಿನ ನೀರಿಗೆ ಅವಸರ ಮಾಡಬಾರದು!

ಮಾವ: ಕೂತ್ಕೊಳ್ಳಿ, ಅವಳು ನನ್ನ ಮಾತೇ ಕೇಳಲ್ಲ. ಅಲ್ಲಾ, ಈ ಕುರ್ಚಿ ಇಡೋದಕ್ಕೆ ಕಾನೂನಿದೆಯಾ?

ಅಳಿಯ: ಇಲ್ಲ. ಇಡಬೇಡಿ ಅಂತ್ಲೇ ನಗರಾಡಳಿತ ಹೇಳೋದು. ಕೊನೆಗೊಂದು ದಿನ ಸ್ಟ್ರೀಟ್ಸ್ ಅಂಡ್ ಸ್ಯಾನಿಟೇಶನ್ ಇಲಾಖೆಯವರು ಬಂದು ಎಲ್ಲಾ ಎತ್ಕೊಂಡು ಹೋಗ್ತಾರೆ. ಅಲ್ಲೀವರೆಗೆ ಕೇಳೋರಿಲ್ಲ.

ಮಾವ: ಅಂದ್ರೆ ಟವೆಲ್ಲು ಅನ್ನಿ! ಬಸ್ಸು ಸ್ಟ್ಯಾಂಡಿನೊಳಗೆ ತಿರುಗೋ ಮುಂಚೆನೇ ಕಿಟಕಿಯಿಂದ ಟವೆಲ್ ಬೀಳ್ತಿತ್ತು. ಟವೆಲ್ ಹಾಕಿದವನಿಗೇ ಸೀಟು ಅಂತ ನಿಗಮದ ಯಾವ ರೂಲಲ್ಲೂ ಇರಲಿಲ್ಲ. ಹಾಗಂತ ಟವೆಲ್ ತೆಗೆದು ಕೂತವನನ್ನ ಕಾಪಾಡೋ ರೂಲೂ ಇರಲಿಲ್ಲ.

ಅಳಿಯ: ಇಲ್ಲೂ ಅಷ್ಟೇ. ಕುರ್ಚಿ ಸರಿಸಿ ಕಾರು ನಿಲ್ಲಿಸಿದವರ ಟೈರಿನ ಗಾಳಿ ಹೋಗಿರತ್ತೆ. ಇಲ್ಲಾ ರಾತ್ರಿ ಪೈಪು ಹಿಡಿದು ಕಾರಿನ ಮೇಲೆ ನೀರು ಬಿಡ್ತಾರೆ. ಬೆಳಗಾಗೋ ಹೊತ್ತಿಗೆ ಕಾರು ಐಸ್ ಕ್ಯಾಂಡಿ.

ಮಾವ: (ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು) ಕುರ್ಚಿನೇ ಎತ್ಕೊಂಡು ಬಂದವರಿಗೆ?

ಅಳಿಯ: ಅಷ್ಟು ಧೈರ್ಯದವರನ್ನ ನಾನು ಇವತ್ತೇ ನೋಡಿದ್ದು.

ಮಾವ: ಹಿಮ ತೆಗೆಯೋಕೆ ಸರ್ಕಾರದ ಗಾಡಿ ಇಲ್ವಾ?

ಅಳಿಯ: ಇದೆ. ದೊಡ್ಡ ರಸ್ತೆ ಮೊದಲು, ಓಣಿ ಆಮೇಲೆ. ಬಂದ್ರೂ ನಡುರಸ್ತೆಯ ಹಿಮವನ್ನ ತಳ್ಳಿ ನಿಂತ ಕಾರಿನ ಬುಡಕ್ಕೇ ಹಾಕಿ ಹೋಗತ್ತೆ. ಹೆಸರಿಗೇನೂ ಕಮ್ಮಿಯಿಲ್ಲ. 2023ರಲ್ಲಿ ಜನರ ಹತ್ತಿರಾನೇ ಕೇಳಿ ಗಾಡಿಗಳಿಗೆ ನಾಮಕರಣ ಮಾಡಿದ್ರು. ಒಂದಕ್ಕೆ ಹೋಲಿ ಪ್ಲೌ ಅಂತ ಹೆಸರು.

ಮಾವ: ನಮ್ಮ ಐರಾವತ, ಅಂಬಾರಿ ಇದ್ದ ಹಾಗೆ. ಹೆಸರಿಟ್ರೆ ಗಾಡಿಗೊಂದು ಗತ್ತು.

ಅಳಿಯ: ಹಿಮ ಅಂದ್ರೆ ಇಲ್ಲಿ ರಾಜಕಾರಣಿಗಳೂ ನಡುಗ್ತಾರೆ ಮಾವ. 1979ರ ಜನವರಿಯಲ್ಲಿ ಭಾರೀ ಹಿಮ ಬಿದ್ದು ಊರೇ ಹೂತುಹೋಯ್ತು. ರಸ್ತೆ ತೆರವು ಮಾಡೋಕಾಗಲಿಲ್ಲ. ಮುಂದಿನ ತಿಂಗಳೇ ಅಭ್ಯರ್ಥಿಯನ್ನ ಆರಿಸೋ ಪಕ್ಷದ ಚುನಾವಣೆ. ಮೇಯರ್ ಮೈಕೆಲ್ ಬಿಲಾಂಡಿಕ್ ಸೋತೇಹೋದ್ರು. ಅವರನ್ನ ಸೋಲಿಸಿದ ಜೇನ್ ಬರ್ನ್ ಈ ಊರಿನ ಮೊದಲ ಮಹಿಳಾ ಮೇಯರ್ ಆದ್ರು.

ಮಾವ: ಹಿಮಕ್ಕೆ ಎಂಥಾ ಅಧಿಕಾರ ನೋಡಿ! ನಮ್ಮ ಕಡೆ ರಸ್ತೆಗುಂಡಿಗೆ ಆ ಭಾಗ್ಯ ಇಲ್ಲ. ಎಷ್ಟೇ ಆಳ ಇದ್ರೂ ಬೀಳೋದು ನಾವೇ, ಅವರಲ್ಲ. ಸರಿ, ಆ ನರ್ಸಮ್ಮ ದೊಡ್ಡ ರಸ್ತೇಲಿ ನಿಲ್ಲಿಸಬಹುದಲ್ಲ?

ಅಳಿಯ: ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ 107 ಮೈಲಿಯಷ್ಟು ಮುಖ್ಯರಸ್ತೆಗಳಲ್ಲಿ ರಾತ್ರಿ ಮೂರರಿಂದ ಬೆಳಿಗ್ಗೆ ಏಳರವರೆಗೆ ನಿಲ್ಲಿಸೋ ಹಾಗಿಲ್ಲ. ಚೂರೂ ಹಿಮ ಬೀಳದಿದ್ರೂ ಕಾರು ಎಳ್ಕೊಂಡು ಹೋಗ್ತಾರೆ. ಹಗಲು ನಿಲ್ಲಿಸೋಣ ಅಂದ್ರೆ ಮೀಟರು.

ಮಾವ: ಮೀಟರ್ ದುಡ್ಡು ಕಾರ್ಪೊರೇಷನ್ನಿಗೆ ತಾನೇ? ರಸ್ತೆಗೇ ವಾಪಸ್ ಬರತ್ತೆ ಬಿಡಿ.

ಅಳಿಯ: ಎಲ್ಲಿ ಬರತ್ತೆ? 2008ರಲ್ಲಿ, ರಿಚರ್ಡ್ ಎಂ. ಡೇಲಿ ಮೇಯರ್ ಆಗಿದ್ದಾಗ, ಸುಮಾರು 36 ಸಾವಿರ ಮೀಟರುಗಳನ್ನ 75 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟುಬಿಟ್ರು. ಬಂದಿದ್ದು 115 ಕೋಟಿ ಡಾಲರ್. ಬಜೆಟ್ಟಿನ ತೂತು ಮುಚ್ಚೋದಕ್ಕೇ ಬಹುಪಾಲು ಕರಗಿಹೋಯ್ತು. ಮರುವರ್ಷ ನಗರದ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕ ಹಾಕಿ, ಇನ್ನೂ 97 ಕೋಟಿ ಬರಬೇಕಿತ್ತು ಅಂದ್ರು. ಗುತ್ತಿಗೆ ಮುಗಿಯೋದು 2083ಕ್ಕೆ.

ಮಾವ: (ಬೆರಳು ಮಡಚಿ ಎಣಿಸಿ) ಒಳಗೆ ಅಳ್ತಿದೆಯಲ್ಲ ಕೂಸು, ಅದು ರಿಟೈರ್ ಆಗೋ ಹೊತ್ತಿಗೆ! ನಡುವೆ ರಸ್ತೆ ರಿಪೇರಿ, ಮೆರವಣಿಗೆ ಬಂದ್ರೆ?

ಅಳಿಯ: ಮೀಟರಿನ ಜಾಗ ಮಿತಿ ಮೀರಿ ಮುಚ್ಚಿದ್ರೆ ಆ ನಷ್ಟಾನ ನಗರವೇ ಕಂಪನಿಗೆ ತುಂಬಿಕೊಡಬೇಕು.

ಮಾವ: ತನ್ನ ಬೀದೀಲಿ ತೇರು ಎಳೆಯೋಕೆ ತಾನೇ ಬಾಡಿಗೆ! ಸಲಿಕೆ ಹಿಡಿದು ಬೆವರು ಸುರಿಸಿ ಎರಡು ದಿನ ಕುರ್ಚಿ ಇಟ್ಟವಳದು ತಪ್ಪು. ಕೈಗೆ ಹಿಮ ಸೋಕಿಸ್ಕೊಳ್ಳದೆ 75 ವರ್ಷಕ್ಕೆ ಟವೆಲ್ ಹಾಕಿದವರದು ಒಪ್ಪಂದ. ಚೆನ್ನಾಗಿದೆ ಕಣ್ರೀ.

(ಹೊರಗೆ ಹಾರ್ನ್.)

ಅಳಿಯ: (ಕಿಟಕಿಯಲ್ಲಿ) ಮುಗೀತು ಕಥೆ! ಯಾವುದೋ ಬಿಳಿ ಕಾರು ಆ ಜಾಗಕ್ಕೆ ನುಗ್ತಾ ಇದೆ. ಅದರ ಹಿಂದೆ ನರ್ಸಮ್ಮನ ಕಾರು!

ಮಾವ: ಏನೇ, ಆಯ್ತೇನೇ?

ಅತ್ತೆ: ಇನ್ನೂ ಅರ್ಧ ಬಕೆಟ್ ಇದೆ!

ಮಾವ: ಹಾಗಾದ್ರೆ ಕುರ್ಚಿ ಬದಲು ನಾನೇ ಸೈ.

(ಅಳಿಯನ ಬೂಟಿಗೆ ಕಾಲು ತೂರಿಸಿ, ಥರ್ಮಲ್ ಪ್ಯಾಂಟಿನ ಮೇಲೆ ಉಟ್ಟ ಪಂಚೆಯನ್ನು ಎತ್ತಿ ಕಟ್ಟಿ, ಮಾವ ಹೋಗಿ ಜಾಗದ ನಡುವೆ ಕೈ ಅಗಲಿಸಿ ನಿಲ್ಲುತ್ತಾರೆ. ಬಿಳಿ ಕಾರು ಪಂಚೆಯನ್ನೊಮ್ಮೆ, ಮಂಕಿ ಕ್ಯಾಪನ್ನೊಮ್ಮೆ ನೋಡಿ ಮುಂದೆ ಹೋಗುತ್ತದೆ. ನರ್ಸಮ್ಮ ರಿವರ್ಸ್ ಹಾಕುತ್ತಾರೆ.)

ಮಾವ: (ಕಾರಿನ ಬೆನ್ನು ತಟ್ಟುತ್ತ) ಬರ್ಲಿ, ಬರ್ಲಿ... ರೈಟ್, ರೈಟ್...

(ನರ್ಸಮ್ಮ ಸ್ಟೀರಿಂಗನ್ನು ಬಲಕ್ಕೇ ತಿರುಗಿಸುತ್ತಾರೆ. ಕಾರು ಹಿಮದ ಗುಡ್ಡೆಗೆ ನುಗ್ಗಲು ಇನ್ನೊಂದು ಗೇಣು.)

ಮಾವ: ಹೋಲ್ಡಾನ್!

(ಕಾರು ಗಕ್ಕನೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮಾವ ಹಿಮ ಕೊಡವುತ್ತ ಒಳಗೆ ಬರುತ್ತಾರೆ.)

ಅಳಿಯ: ಏನಂದ್ರು ಮಾವ?

ಮಾವ: ಕೂಸಿಗೆ ನೀರು ಹಾಕೋದನ್ನ ಸನ್ನೆ ಮಾಡಿ ತೋರಿಸ್ದೆ. ಏನು ಅರ್ಥ ಆಯ್ತೋ, ನಕ್ಕು ಕೈ ಕುಲುಕಿದ್ರು. ನೋಡಿ ಅಳಿಯಂದ್ರೇ, ಗಾಡಿ ಎಲ್ಲಾದ್ರೂ ಹೋಗಿ ನುಗ್ಗೋ ಮುಂಚೆ ಹೋಲ್ಡಾನ್ ಅನ್ನೋನು ಒಬ್ಬ ಬೇಕು. ಆ ಮೀಟರಿನ ದಿನ ನಿಮ್ಮ ಸಿಟಿ ಕೌನ್ಸಿಲ್‌ನಲ್ಲಿ ಅಂಥೋರು ಯಾರೂ ಇರಲಿಲ್ವಾ?

ಅಳಿಯ: ಇದ್ರು ಮಾವ, 5 ಜನ. ರೈಟ್ ರೈಟ್ ಅಂದವರು 40 ಜನ.